ಕಾಫಿಗೆ ಬಿರಡೆಯಿಲ್ಲ

ಮಡಚುವ ಚಾಕುಗಳ ಗೀಳು ಹತ್ತಿದ ಸಾತ್ವಿಕ ಮನುಷ್ಯನಿಗೆ ಒಂದು ಮುಜುಗರ ತಪ್ಪಿದ್ದಲ್ಲ. ಹೆಸರಾದ ಚಾಕುಗಳಲ್ಲಿ ಬಹುಪಾಲು ಹುಟ್ಟಿದ್ದು ಎದುರಿಗೆ ಬಾಟಲಿ ಇಟ್ಟುಕೊಂಡೇ ಊಟಕ್ಕೆ ಕೂರುವ ಸೀಮೆಗಳಲ್ಲಿ. ಸ್ವಿಟ್ಜರ್ಲೆಂಡಿನ ಇಬಾಖ್‌ನಲ್ಲಿ 1884ರಲ್ಲಿ ಕಾರ್ಯಾಗಾರ ತೆರೆದ ಕಾರ್ಲ್ ಎಲ್ಸೆನರ್, 1891ರಲ್ಲಿ ತನ್ನ ದೇಶದ ಸಿಪಾಯಿಗಳಿಗೆ ಚಾಕು ಒದಗಿಸತೊಡಗಿದ. ಅದರಲ್ಲಿ ಒಂದು ಅಲಗು, ಒಂದು ದಬ್ಬಳ, ಡಬ್ಬಿ ತೆರೆಯುವ ಕೊಕ್ಕೆ, ಬಂದೂಕು ಬಿಚ್ಚಲು ತಿರುಪುಳಿ. 1897ರಲ್ಲಿ ಅಧಿಕಾರಿಗಳಿಗೆಂದು ಇನ್ನೂ ಹಗುರವಾದದ್ದೊಂದನ್ನು ಮಾಡಿದ. ಅದಕ್ಕೆ ಬಾಟಲಿಯ ಬಿರಡೆ ಕೀಳುವ ಸುರುಳಿಯನ್ನೂ ಸೇರಿಸಿದ. ಸಿಪಾಯಿಗೆ ಬಂದೂಕಿನ ಚಿಂತೆ, ಸಾಹೇಬರಿಗೆ ಬಾಟಲಿಯ ಚಿಂತೆ. ಸೈನ್ಯ ಅದನ್ನು ಅಧಿಕೃತವಾಗಿ ಕೊಡಲಿಲ್ಲವಂತೆ. ಸಾಹೇಬರು ಕೈಯಿಂದ ಕಾಸು ಹಾಕಿ ಕೊಂಡರು. ಬೇಕಾದ್ದಕ್ಕೆ ಯಾರು ತಾನೇ ಸರ್ಕಾರಕ್ಕೆ ಕಾಯುತ್ತಾರೆ?

ನಾನು ಕುಡಿಯುವುದು ಫಿಲ್ಟರ್ ಕಾಫಿ. ಅದಕ್ಕೆ ಬಿರಡೆಯಿಲ್ಲ. ಹೀಗಾಗಿ ಆ ಕೆಂಪು ಹಿಡಿಯ ಚಾಕುವಿನ ಸುರುಳಿ ನಮ್ಮ ಮನೆಯಲ್ಲಿ ಪೈಜಾಮದ ಲಾಡಿ ಕಗ್ಗಂಟಾದಾಗ ಮಾತ್ರ ಹೊರಗೆ ಬರುತ್ತದೆ. ಆ ಕೆಲಸಕ್ಕೆ ಅದನ್ನು ಮೀರಿದ್ದಿಲ್ಲ. ಎಲ್ಸೆನರ್‌ಗೆ ಪೈಜಾಮದ ಪರಿಚಯವಿದ್ದಿದ್ದರೆ ಈ ಉಪಯೋಗವನ್ನೂ ಹೇಳಿಕೊಳ್ಳುತ್ತಿದ್ದನೋ ಏನೋ.

ಸಂಜೆ ಡಿಕಾಕ್ಷನ್ ಇಳಿಯುವ ಹೊತ್ತಿಗೆ ಹಳೆಯ ಬಿಸ್ಕತ್ತಿನ ಡಬ್ಬ ಮಂಚದ ಕೆಳಗಿನಿಂದ ಹೊರಗೆ ಬರಬೇಕು. ಲೋಟದ ಪಕ್ಕ ಹಳೆಯ ಪಂಚೆಯ ತುಂಡು ಹಾಸಿ, ಒಂದೊಂದೇ ಚಾಕು ಬಿಚ್ಚಿ, ಕೀಲಿಗೆ ಹನಿ ಎಣ್ಣೆ ಬಿಟ್ಟು, ಒರೆಸಿ, ಮಡಚಿಡುವುದು. ಒಂದು ಗುಟುಕು, ಒಂದು ಟಕ್. ಹೆಂಡತಿ ಇದಕ್ಕೆ ಸಂಧ್ಯಾವಂದನೆ ಎಂದು ಹೆಸರಿಟ್ಟಿದ್ದಾಳೆ. ಅಸಲಿ ಸಂಧ್ಯಾವಂದನೆ ಬಿಟ್ಟು ಎಷ್ಟು ವರ್ಷವಾಯಿತೆಂಬುದು ಅವಳಿಗೆ ಗೊತ್ತು.

ಪಾನೀಯಕ್ಕೂ ಚಾಕುವಿಗೂ ಜಾತಕ ಕೂಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕಾಫಿಗೆ ಕೂಡಿ ಬರುವುದು ಒಪಿನೆಲ್. ಫ್ರಾನ್ಸಿನ ಸವಾಯ್ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ರೈತರ ಚಾಕು ಅದು. ದುಂಡನೆಯ ಮರದ ಹಿಡಿ, ಒಂದೇ ಅಲಗು, ಕುತ್ತಿಗೆಗೊಂದು ಉಕ್ಕಿನ ಬಳೆ. ತೆರೆದ ಅಲಗು ಬೆರಳ ಮೇಲೆ ಮುಚ್ಚಿಕೊಳ್ಳದಂತೆ ತಡೆಯುವ ಆ ಬಳೆ ಬಂದದ್ದು 1955ರಲ್ಲಿ. ನನ್ನದು ಸ್ಟೇನ್‌ಲೆಸ್ ಅಲ್ಲ, ತುಕ್ಕು ಹಿಡಿಯುವ ಕಾರ್ಬನ್ ಉಕ್ಕು. ಇಂಥ ಅಲಗನ್ನು ಬಿಸಿ ಕಡುಗಾಫಿಯಲ್ಲಿ ಅದ್ದಿಟ್ಟರೆ ಕಾಫಿಯ ಹುಳಿ ತಾಗಿ ಉಕ್ಕು ನಿಧಾನಕ್ಕೆ ಬೂದುಗಪ್ಪಾಗುತ್ತದೆ. ಆ ಕಪ್ಪು ಪೊರೆ ಕೆಂಪು ತುಕ್ಕನ್ನು ಸ್ವಲ್ಪ ಮಟ್ಟಿಗೆ ದೂರವಿಡುತ್ತದೆ. ಗೀಳಿನವರೆಲ್ಲ ಬಲ್ಲ ಉಪಾಯ ಇದು. ಹೆಂಡತಿ ಮಾತ್ರ ಒಪ್ಪಲಿಲ್ಲ. "ರೀ, ಪೀಬೆರಿ ಪುಡಿಯ ಮೊದಲನೇ ಡಿಕಾಕ್ಷನ್ ಅದು, ಕಬ್ಬಿಣಕ್ಕೆ ಕುಡಿಸ್ತೀರಾ?" ಅಂದಳು. ಎರಡನೇ ಡಿಕಾಕ್ಷನ್‌ಗೆ ರಾಜಿಯಾಯಿತು. ಬಣ್ಣವೂ ಎರಡನೇ ದರ್ಜೆಯದೇ ಬಂತು.

ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿಗೆ ಕಷಾಯವೇ ಸರಿ. ಅದೂ ಕೊತ್ತಂಬರಿ, ಜೀರಿಗೆ, ಬೆಲ್ಲದ ನಮ್ಮ ಸಾಗರದ ಕಡೆಯ ಕಷಾಯ. ಮಡಿಸಿದ ತಗಡಿನ ಹಿಡಿ, ಬೀಗವಿಲ್ಲ, ಅಲಂಕಾರವಿಲ್ಲ. ಅಲಗಿನ ಬಾಲವನ್ನು ಹೆಬ್ಬೆರಳಿನಿಂದ ಒತ್ತಿಹಿಡಿದರಷ್ಟೇ ಅದು ನಿಲ್ಲುತ್ತದೆ. ಒಂದು ಕಾಲಕ್ಕೆ ಅಲ್ಲಿನ ಶಾಲೆ ಮಕ್ಕಳು ಇದರಲ್ಲೇ ಪೆನ್ಸಿಲ್ ಹೆರೆಯುತ್ತಿದ್ದರು. ಇನ್ನು ರಾಂಪುರಿಗೆ ಶುಂಠಿ ಹಾಕಿ ಕುದಿಸಿದ ಚಹಾ. ಹಿಂದಿ ಸಿನಿಮಾದ ಖಳರೆಲ್ಲ ಗುಂಡಿ ಒತ್ತಿ ಚಿಮ್ಮಿಸಿ ಅದರ ಮರ್ಯಾದೆ ಕಳೆದರು. ಸರ್ಕಾರ ಅಲಗಿನ ಉದ್ದಕ್ಕೆ ಮಿತಿ ಹಾಕಿತು, ಕಸುಬು ಸೊರಗಿತು. ಕೊನೆಗೆ 2023ರಲ್ಲಿ ಅದೇ ರಾಂಪುರದ ವೃತ್ತವೊಂದರಲ್ಲಿ ಸುಮಾರು ಇಪ್ಪತ್ತು ಅಡಿಯ ಚಾಕುವಿನ ಪ್ರತಿಮೆ ನಿಲ್ಲಿಸಿದರು. ಕಸುಬು ಬಡವಾದ ಮೇಲೆ ಪ್ರತಿಮೆ ಏಳುವುದು ನಮ್ಮಲ್ಲಿ ಸಾಹಿತಿಗಳಿಗೆ ಮಾತ್ರವಲ್ಲ ಎಂದಾಯಿತು.

ಫ್ರಾನ್ಸಿನಲ್ಲಿರುವ ಅಕ್ಕನ ಮಗ ಕಳೆದ ಸಲ ಲಾಯೋಲ್ ಚಾಕು ತಂದುಕೊಟ್ಟ. ಕೊಂಬಿನ ಹಿಡಿ, ಸ್ಪ್ರಿಂಗಿನ ಮೇಲೊಂದು ಉಕ್ಕಿನ ಜೇನುನೊಣ, ಇದಕ್ಕೂ ಬಿರಡೆಯ ಸುರುಳಿ. ಚಾಕು ಪುಕ್ಕಟೆ ಪಡೆದರೆ ಸಂಬಂಧ ಕಡಿಯುತ್ತದೆಂದು ಆ ದೇಶದಲ್ಲಿ ಒಂದು ನಾಣ್ಯ ಕೊಟ್ಟು ತೆಗೆದುಕೊಳ್ಳುತ್ತಾರೆ. ಉಪ್ಪನ್ನು ಕೈಯಿಂದ ಕೈಗೆ ಕೊಡದ ಮನೆತನ ನಮ್ಮದು; ತಕ್ಷಣ ಒಪ್ಪಿಗೆಯಾಯಿತು. ಒಂದು ರೂಪಾಯಿ ಕೊಟ್ಟೆ. "ಮಾವ, ಇದಕ್ಕೆ ನೂರು ಯೂರೋ ಮೇಲೆ ಬಿದ್ದಿದೆ" ಅಂದ. ಸಂಬಂಧಕ್ಕೆ ಬೆಲೆ ಕಟ್ಟಬಾರದು ಮಾರಾಯ ಎಂದು ಸಮಾಧಾನ ಹೇಳಿದೆ.

ಅಜ್ಜನ ಬಳಿ ಇದ್ದದ್ದು ಒಂದೇ ಚಾಕು. ಎಲೆಸಂಚಿಯಲ್ಲಿ ಅಡಕೆ, ಸುಣ್ಣದ ಡಬ್ಬಿಯ ಜೊತೆ ಬಿದ್ದಿರುತ್ತಿತ್ತು. ಸಂತೆಯಲ್ಲಿ ಕೊಂಡದ್ದು, ಮಾಡಿದವನ ಹೆಸರು, ಊರು, ಇಸವಿ ಯಾವುದೂ ಇರಲಿಲ್ಲ. ಬಾಳೆಯ ಹಗ್ಗ ಕತ್ತರಿಸಲು, ನಮ್ಮ ಪೆನ್ಸಿಲ್ ಹೆರೆಯಲು, ಕಾಲಿಗೆ ಹೊಕ್ಕ ಮುಳ್ಳು ತೆಗೆಯಲು, ಮಾವಿನಕಾಯಿ ಹೆಚ್ಚಲು ಅದೇ. ತೆಗೆದ ಮುಳ್ಳಿಗೂ ಹೆಚ್ಚಿದ ಮಾವಿಗೂ ನಡುವೆ ಪಂಚೆಯ ಅಂಚಿನಲ್ಲಿ ಒಮ್ಮೆ ಒರೆಸಿದರೆ ಮಡಿ ಮುಗಿಯಿತು. ಮಾವಿನ ಸೊನೆ ತಾಗಿ ಅಲಗು ಕಪ್ಪಾಗಿತ್ತು. ನಾನು ಡಿಕಾಕ್ಷನ್ ಸುರಿದು ಬರಿಸಲು ಹೋದ ಬಣ್ಣ ಅಲ್ಲಿ ತಾನಾಗಿ ಕೂತಿತ್ತು. ಮಧ್ಯಾಹ್ನ ಮಜ್ಜಿಗೆ ಕುಡಿದು ಜಗಲಿಯ ಕಲ್ಲಿಗೆ ಚಾಕು ಮಸೆಯುತ್ತಿದ್ದರು. ಮಸೆದು ಮಸೆದು ಅಲಗು ಸವೆಯಿತು, ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ದರ್ಭೆಯಷ್ಟು ಉಳಿದಿತ್ತು. ಒಂದು ದಿನ ಹಲಸಿನ ಮೇಣದಲ್ಲಿ ಸಿಕ್ಕು ಮುರಿಯಿತು. ಅಜ್ಜ ಅದನ್ನು ಬಿಸಾಡಿ, ಮುಂದಿನ ಸಂತೆಯಲ್ಲಿ ಇನ್ನೊಂದು ತಂದರು. ಹುಡುಕಿ ಎತ್ತಿಟ್ಟುಕೊಳ್ಳಬೇಕೆಂದು ಆಗ ನನಗೂ ಅನ್ನಿಸಲಿಲ್ಲ.

ನನ್ನ ಡಬ್ಬದಲ್ಲಿ ಯಾವುದೂ ಸವೆಯುವುದಿಲ್ಲ. ಸವೆಯಲು ಕೆಲಸ ಎಲ್ಲಿದೆ? ಪೊಟ್ಟಣಗಳ ಮೇಲೆಲ್ಲ 'ಇಲ್ಲಿ ಹರಿಯಿರಿ' ಎಂದು ಬರೆದಿರುತ್ತದೆ. ಅಲ್ಲಿ ಹರಿಯದಿದ್ದರೆ ಮನೆಯವರು ಹಲ್ಲು ಹಾಕುತ್ತಾರೆ. ಹಲಸಿನ ತೊಳೆ ಬಿಡಿಸಿಯೇ ಬರುತ್ತದೆ, ಎಳನೀರು ಗಾಡಿಯವನ ಮಚ್ಚಿಗೆ ನನ್ನ ಯಾವ ಚಾಕುವೂ ಎದುರು ನಿಲ್ಲುವುದಿಲ್ಲ. ವಿಮಾನ ನಿಲ್ದಾಣದಲ್ಲಂತೂ ಹೆಬ್ಬೆರಳುದ್ದದ ಅಲಗಿಗೂ ನಾನು ಭಯೋತ್ಪಾದಕ. ಒಪಿನೆಲ್‌ಗೆ ಒಂದು ಖಾಯಂ ಉದ್ಯೋಗ ಇದೆ: ಹೊಸ ಕಾಫಿಪುಡಿಯ ಪೊಟ್ಟಣ ಸೀಳುವುದು. ಮಳೆಗಾಲದಲ್ಲಿ ಅದೂ ಕಷ್ಟ. ಬೀಚ್ ಮರದ ಹಿಡಿ ಥಂಡಿಗೆ ಉಬ್ಬಿ ಅಲಗನ್ನು ಹೊರಬಿಡುವುದಿಲ್ಲ. ಹಿಡಿಯ ಬುಡವನ್ನು ಮೇಜಿಗೆ ಕುಟ್ಟಿದರೆ ಅಲಗು ಇಣುಕುತ್ತದೆಂಬುದು ಸವಾಯ್ ರೈತರ ಯುಕ್ತಿ. ನಾನು ಕುಟ್ಟುತ್ತಿರುವಾಗ ಹೆಂಡತಿ ಕತ್ತರಿ ತಂದು ಪುಡಿಯನ್ನು ಡಬ್ಬಕ್ಕೆ ಸುರಿದಾಗಿರುತ್ತದೆ.

ವರ್ಷಕ್ಕೊಮ್ಮೆ, ಆಯುಧಪೂಜೆಯಲ್ಲಿ, ಈ ಬಳಗಕ್ಕೆ ಪೂರ್ಣ ಗೌರವ. ಸ್ವಿಸ್, ಫ್ರೆಂಚ್, ಜಪಾನಿ, ರಾಂಪುರಿ ಎಲ್ಲವೂ ಬಾಳೆಲೆಯ ಮೇಲೆ ಸಾಲಾಗಿ ಕುಂಕುಮ, ಸೇವಂತಿಗೆ ಧರಿಸಿ ಕೂರುತ್ತವೆ. ಕಳೆದ ಸಲ ಸ್ಕೂಟರಿನ ದೃಷ್ಟಿ ತೆಗೆಯುವ ಬೂದುಗುಂಬಳಕ್ಕೆ ಮೇಲೊಂದು ಕಿಂಡಿ ಕೊರೆದು ಕುಂಕುಮ ತುಂಬಬೇಕಿತ್ತು. ಮಡಚುವ ಚಾಕುವಿಗೆ ಹೇಳಿ ಮಾಡಿಸಿದ ಕೆಲಸ. ಉತ್ಸಾಹದಿಂದ ಲಾಯೋಲ್‌ಗೆ ಕೈ ಹಾಕಿದೆ.

"ಪೂಜೆಗಿಟ್ಟದ್ದನ್ನ ಇವತ್ತು ಮುಟ್ಟೋ ಹಾಗಿಲ್ಲ ರೀ" ಎನ್ನುತ್ತ ಅವಳು ಅಡುಗೆಮನೆಯಿಂದ ಹಳದಿ ಪ್ಲಾಸ್ಟಿಕ್ ಹಿಡಿಯ ಚಾಕು ತಂದು ಚಕಚಕ ಕಿಂಡಿ ಕೊರೆದಳು.

"ಅದಕ್ಯಾಕೆ ಪೂಜೆ ಇಲ್ಲ?" ಎಂದೆ.

"ಅದಕ್ಕೆಲ್ಲಿ ಪುರುಸೊತ್ತು? ಬೆಳಗಿಂದ ಕೋಸಂಬರಿಗೆ ಸೌತೆಕಾಯಿ ಹೆಚ್ತಾ ಇದೆ" ಎಂದಳು.