ಒಂದು ಮನೆಗೆ ಒಂದೇ ಕಾಯಿ

ಚೌಕಾಬಾರ ಆಡಿದವರಿಗೆಲ್ಲ ಗಟ್ಟಿಯ ಸುಖ ಗೊತ್ತು. ನಮ್ಮವೇ ಎರಡು ಕಾಯಿ ಒಂದೇ ಮನೆಯಲ್ಲಿ ಕೂತರೆ ಒಂಟಿ ಕಾಯಿಗಿರುವ ಹೆದರಿಕೆ ಇಲ್ಲ. ಆ ರುಚಿ ಗೊತ್ತಿದ್ದುದರಿಂದಲೇ ಇರಬೇಕು, ಮಗ ಕಾಲೇಜಿನಲ್ಲಿದ್ದಾಗ ಮನೆಯ ಕಂಪ್ಯೂಟರಿಗೆ ಹಾಕಿದ್ದ ‘ಸಿವಿಲೈಸೇಶನ್’ ಆಟ ನನಗೆ ಬಲುಬೇಗ ಹಿಡಿಸಿತು. ಅವನ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ ನೋಡಿ ಕಲಿತದ್ದು. ಊರು ಕಟ್ಟುವುದು, ಹೊಲ ಮಾಡಿಸುವುದು, ನೆರೆಯ ರಾಜರೊಡನೆ ಸಂಧಿ, ಸಮರ. “ನಿಮ್ಮಮ್ಮ ದಂಡೆತ್ತಿ ಹೊರಟಳು, ಇವತ್ತು ಸಾರಿಗೆ ಉಪ್ಪಿಲ್ಲ” ಎಂದು ನಮ್ಮ ಯಜಮಾನರು ಛೇಡಿಸುತ್ತಿದ್ದರು.

ಅದು 2005ರಲ್ಲಿ ಬಂದ ನಾಲ್ಕನೆಯ ಆಟ. ನೆಲವೆಲ್ಲ ಚೌಕ ಮನೆಗಳು, ಪ್ರತಿ ಮನೆಗೂ ಸುತ್ತ ಎಂಟು ನೆರೆ. ಒಂದೇ ಮನೆಯಲ್ಲಿ ಎಷ್ಟು ದಂಡುಗಳನ್ನಾದರೂ ಪೇರಿಸಬಹುದು. ನಾನು ಇದ್ದಬದ್ದದ್ದನ್ನೆಲ್ಲ ಒಟ್ಟಿ ಶತ್ರುವಿನ ಊರಬಾಗಿಲಿಗೆ ದೂಡುತ್ತಿದ್ದೆ. ಅವರು ಮೇಲೆ ಬಿದ್ದರೆ, ಆ ಪೆಟ್ಟು ತಡೆಯಬಲ್ಲ ಗಟ್ಟಿಗನನ್ನು ಆಟವೇ ಆರಿಸಿ ಮುಂದೆ ನಿಲ್ಲಿಸುತ್ತಿತ್ತು. ಉಳಿದವರು ಅವನ ಬೆನ್ನ ಹಿಂದೆ. ಸಾಮಾನ್ಯವಾಗಿ ಇಬ್ಬರಲ್ಲೊಬ್ಬ ಸಾಯುವ ತನಕ ಕಾಳಗ. ಭಯವೇನಿದ್ದರೂ ಕವಣೆಯಂತ್ರದ್ದು. ಅದರ ಕಲ್ಲು ಬಿದ್ದರೆ ಮುಂದೆ ನಿಂತವನ ಜೊತೆಗೆ ಗುಂಪಿನ ಹಲವರಿಗೂ ಏಟು.

2010ರಲ್ಲಿ ಐದನೆಯದು ಬಂತು. ಅದನ್ನು ರೂಪಿಸಿದ ಜಾನ್ ಶೇಫರ್ ‘ಪ್ಯಾಂಜರ್ ಜನರಲ್’ ಎಂಬ ಹಳೆಯ ಯುದ್ಧದಾಟದಿಂದ ಸ್ಫೂರ್ತಿ ಪಡೆದವರು. ಚೌಕ ಹೋಗಿ ಜೇನುಗೂಡಿನ ಕಣ್ಣಿನಂಥ ಆರು ಮೂಲೆಯ ಮನೆಗಳಾದವು. ಒಂದು ಮನೆಗೆ ಒಂದೇ ದಂಡು! ನನ್ನ ಮೊದಲ ಯುದ್ಧದ ಪಾಡು ಏನು ಹೇಳಲಿ! ಬೆಟ್ಟಗಳ ನಡುವಿನ ಕಿರುದಾರಿಯಲ್ಲಿ ನನ್ನ ಸೈನ್ಯ ಯುಗಾದಿಯ ಹಿಂದಿನ ದಿನದ ಹೂವಿನ ಸಂತೆಯ ಹಾಗೆ ಸಿಕ್ಕಿಕೊಂಡಿತು. ಕಾವಲಿಲ್ಲದ ಊರೆಂದು ನುಗ್ಗಿದರೆ ಊರೇ ಬಾಣ ಬಿಟ್ಟಿತು. ಎದುರಾಳಿಯಾಗಿ ಆಡುವ ಕಂಪ್ಯೂಟರಿಗೂ ಈ ಪದ್ಧತಿ ಸರಿಯಾಗಿ ಒಗ್ಗಲಿಲ್ಲವೆಂದು ಬಲ್ಲವರು ಆಗ ಆಡಿಕೊಂಡದ್ದುಂಟು. ನನಗೆ ಅದೊಂದು ಸಮಾಧಾನ.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ ಮಗ ಫೋನಿನಲ್ಲಿ ಹೇಳಿಕೊಟ್ಟ: “ಅಮ್ಮಾ, ರಾಶಿ ಹಾಕಬೇಡ, ಸಾಲು ಕಟ್ಟು. ಭರ್ಜಿಯವರು ಮುಂದೆ, ಬಿಲ್ಲುಗಾರರು ಹಿಂದೆ. ಅವರ ಬಾಣ ಎರಡು ಮನೆ ದೂರ ಹೋಗುತ್ತೆ. ಇಲ್ಲಿ ಒಂದೇ ಏಟಿಗೆ ಯಾರೂ ಸಾಯಬೇಕೆಂದಿಲ್ಲ. ಪೆಟ್ಟು ತಿಂದವನನ್ನು ಹಿಂದಕ್ಕೆ ಕರೆದುಕೋ, ಪಕ್ಕದವನ ಜೊತೆ ಜಾಗ ಬದಲಾಯಿಸು. ಸುಮ್ಮನೆ ಕೂತರೆ ಗಾಯ ಮಾಯುತ್ತೆ.”

ಹಾಗೇ ಮಾಡಿದೆ, ಗೆದ್ದೆ. ಆದರೆ ಅಂದು ರಾತ್ರಿ ನಿದ್ದೆ ಬರಲಿಲ್ಲ.

ನಾನು ಸೊಸೆಯಾಗಿ ಬಂದದ್ದು ಹನ್ನೊಂದು ಜನರಿದ್ದ ಮನೆಗೆ. ಅತ್ತೆಯವರದು ಕವಣೆಯ ಮಾತು. ಒಬ್ಬರಿಗೆ ಎಸೆದರೆ ನಾಲ್ವರಿಗೆ ತಾಗುತ್ತಿತ್ತು. ಉತ್ತರ ಕೊಡಲು ಮುಂದೆ ಬರುತ್ತಿದ್ದವರು ನನ್ನ ಹಿರಿಯ ಓರಗಿತ್ತಿ. ಹಾಲು ಉಕ್ಕಿಸಿದವಳು ನಾನಾಗಿದ್ದರೂ “ನನ್ನ ಕೈತಪ್ಪು ಅತ್ತೆ” ಎಂದುಬಿಡುತ್ತಿದ್ದರು. ಗಟ್ಟಿಗಿತ್ತಿ ಎಂದು ಮನೆಯೆಲ್ಲ ಹೊಗಳುತ್ತಿತ್ತು. ಹೊಗಳಿ ಹೊಗಳಿ ಮುಂದೆಯೇ ನಿಲ್ಲಿಸಿತ್ತು. “ಅಕ್ಕಾ, ಸಾಕು, ನೀವು ಹಿಂದೆ ಬನ್ನಿ” ಎಂದು ಆ ಇಪ್ಪತ್ತು ವರ್ಷಗಳಲ್ಲಿ ನಾನು ಒಮ್ಮೆಯೂ ಅನ್ನಲಿಲ್ಲ. ಅವರ ಬೆನ್ನ ಹಿಂದಿನ ನೆರಳನ್ನೇ ಒಗ್ಗಟ್ಟೆಂದು ತಿಳಿದಿದ್ದೆ.

ಹಾಗೆಂದು ಕೂಡಿ ಬಾಳುವುದೇ ತಪ್ಪೆಂದು ನಾನು ಹೇಳುವುದಿಲ್ಲ. 2025ರಲ್ಲಿ ಬಂದ ಏಳನೆಯ ಆಟದಲ್ಲಿ ಹಲವು ದಂಡುಗಳನ್ನು ಒಬ್ಬ ದಳಪತಿಯ ಕೆಳಗೆ ಒಂದೇ ಮನೆಯಲ್ಲಿ ಕೂಡಿಸಿ ದಾರಿ ಸಾಗಬಹುದು, ಕಾಳಗದ ಹೊತ್ತಿಗೆ ಸುತ್ತ ಹರಡಿ ನಿಲ್ಲಿಸಬಹುದು. ಕೂಡಿ ನಡೆಯುವುದಕ್ಕೊಂದು ಹೊತ್ತು, ಹಂಚಿಕೊಂಡು ನಿಲ್ಲುವುದಕ್ಕೊಂದು ಹೊತ್ತು. ಆಟ ಮಾಡುವವರಿಗೇ ಇದು ಹೊಳೆಯಲು ಇಷ್ಟು ವರ್ಷ ಬೇಕಾಯಿತು, ನನ್ನದೇನು ಮಹಾ!

ಕಳೆದ ಗೌರಿ ಹಬ್ಬಕ್ಕೆ ಅಕ್ಕ ನಮ್ಮಲ್ಲಿಗೆ ಬಂದಿದ್ದರು. ಎಪ್ಪತ್ತು ದಾಟಿದೆ, ಆದರೂ ಬೆಳಿಗ್ಗೆ ಎದ್ದವರೇ ಹೋಳಿಗೆಗೆ ಕೂತರು. ಕೈ ನಡುಗುತ್ತಿತ್ತು. ಲಟ್ಟಣಿಗೆ ಇಸಿದುಕೊಂಡೆ.

“ಇದೇನೇ ಹೊಸದು?” ಎಂದರು.

“ನನ್ನ ಸರದಿ ಅಕ್ಕಾ. ನೀವು ಕೂತಿರಿ.”

ಮೊದಲ ಹೋಳಿಗೆಯೇ ಹರಿಯಿತು. ಯಜಮಾನರು ತಟ್ಟೆ ನೋಡಿ “ಯಾರಪ್ಪಾ ಇದನ್ನು ಹರಿದವರು?” ಎಂದರು. ಅಕ್ಕ ಬಾಯಿ ತೆರೆಯುವುದರಲ್ಲಿದ್ದರು.

“ನಾನೇ” ಎಂದೆ.