ಲಾಂಚಿಲ್ಲದ ಊರಿಗೆ

ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಸಾಗರದಲ್ಲಿ ಇಳಿದಾಗ ಬೆಳಗಾಗಿತ್ತು. ಟ್ಯಾಕ್ಸಿಯ ಹುಡುಗ ನಮ್ಮ ನಾಲ್ಕು ಸೂಟ್‌ಕೇಸು ನೋಡಿ, ‘ಫಾರಿನ್ನಿಂದ ಬಂದ್ರಾ ಅಜ್ಜ?’ ಎಂದ. ಹೂಂ ಎಂದೆ. ಅಂಬಾರಗೋಡ್ಲು ಹತ್ತಿರ ಬರುತ್ತಿದ್ದಂತೆ ಅಭ್ಯಾಸಬಲದಿಂದ ಕೈಗಡಿಯಾರ ನೋಡಿಕೊಂಡೆ. ‘ಮುಂದಿನ ಲಾಂಚು ಎಷ್ಟು ಹೊತ್ತಿಗೆ?’ ಎಂಬ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುವಷ್ಟರಲ್ಲಿ ಕಾರು ಸೇತುವೆಯ ಮೇಲಿತ್ತು. 2.44 ಕಿಲೋಮೀಟರ್ ಉದ್ದದ ಸೇತುವೆ. ನಾಲ್ಕು ನಿಮಿಷವೂ ಆಗಲಿಲ್ಲ, ಕಳಸವಳ್ಳಿ ಬಂದುಬಿಟ್ಟಿತು.

ಏಪ್ರಿಲ್‌ನಲ್ಲಿ ನಾವು ಮಗನ ಮನೆಗೆಂದು ಅಮೆರಿಕದ ಸಿಯಾಟಲ್‌ಗೆ ಹೊರಟಾಗ ಇದೇ ಹೊಳೆಯನ್ನು ಲಾಂಚಿನಲ್ಲಿ ದಾಟಿದ್ದೆವು. ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅದನ್ನು ನಾವು ಅಲ್ಲಿ ಸೋಫಾದ ಮೇಲೆ ಕುಳಿತು ಮಗನ ಫೋನಿನಲ್ಲಿ ನೋಡಿದೆವು. ಅರವತ್ತು ವರ್ಷ ಕಾದವನು ಮದುವೆಯ ದಿನವೇ ಊರಲ್ಲಿಲ್ಲದ ಹಾಗಾಯಿತು.

ಮಕ್ಕಳೇ, ನಿಮ್ಮಲ್ಲಿ ಕೆಲವರು ಸಿಗಂದೂರಿಗೆ ಬಂದಿರಬಹುದು. ತುಮರಿ ಅದರ ಪಕ್ಕದ ಊರು, ನಮ್ಮ ಮನೆ ಇರುವುದು ಆ ಕಡೆಗೇ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನನಗೆ ಹನ್ನೆರಡು ವರ್ಷ. ನಾಡಿಗೆ ಬೆಳಕು ಬಂತು, ನಮ್ಮ ಹಳೆಯ ಮನೆ ನೀರಿನಡಿ ಹೋಯಿತು. ಎತ್ತರದಲ್ಲಿ ಉಳಿದವರ ಸುತ್ತ ಹಿನ್ನೀರು ನಿಂತಿತು. ಭೂಗೋಳದ ಮೇಷ್ಟ್ರು ಇದನ್ನು ದ್ವೀಪವೆಂದು ಒಪ್ಪಲಿಕ್ಕಿಲ್ಲ; ಕಾಡು ಹಾದು ಕೋಗಾರಿನ ಮೇಲೆ ಭಟ್ಕಳಕ್ಕೆ ಹೋಗುವ ನೆಲದ ದಾರಿ ಇದ್ದೇ ಇದೆ. ಆದರೆ ನಮ್ಮ ತಾಲ್ಲೂಕು ಕಚೇರಿ, ಆಸ್ಪತ್ರೆ, ಕಾಲೇಜು ಎಲ್ಲ ಸಾಗರದಲ್ಲಿ, ಹೊಳೆಯ ಆಚೆ. ಹಾಗಾಗಿ ನಾವು ದ್ವೀಪದವರೇ.

ಮನೆಗೆ ಬಂದ ಮೊದಲ ವಾರ ವಿಚಿತ್ರವಾಗಿತ್ತು. ಅಂಗಳದ ತುಂಬ ಪಾಚಿ. ನಡೆದರೆ ಜಾರುತ್ತದೆಂದು ನನ್ನಾಕೆ ಅಡಿಕೆ ಸೋಗೆ ಹಾಸಿದಳು. ಬೀಗ ಹಾಕಿದ್ದ ಕೋಣೆಯ ಬಟ್ಟೆಗಳಿಗೆಲ್ಲ ಬೂಸ್ಟು. ಪಕ್ಕದ ಮನೆಯವರು ಎರಡು ಸಲ ಬೋರ್ಡೋ ಹೊಡೆಸಿದ್ದರೂ ತೋಟದ ಕೆಳಗಿನ ಸಾಲಿಗೆ ಕೊಳೆರೋಗ ತಗುಲಿತ್ತು. ಅದನ್ನು ನೋಡಲು ಇಳಿದವನನ್ನು ಮೊದಲು ಗುರುತು ಹಿಡಿದದ್ದು ಉಂಬಳ! ನಾಯಿ ಮಾತ್ರ ಅರ್ಧ ದಿನ ಬೊಗಳಿತು. ಮೈಗೆ ಅಲ್ಲಿಯ ಸೋಪಿನ ವಾಸನೆ ಇದ್ದಿರಬೇಕು.

ಸಿಯಾಟಲ್‌ಗೂ ನಮಗೂ ಈ ತಿಂಗಳಲ್ಲಿ ಹನ್ನೆರಡೂವರೆ ಗಂಟೆಯ ಅಂತರ. ಅಲ್ಲಿಯ ಮಧ್ಯಾಹ್ನ ಇಲ್ಲಿಯ ನಡುರಾತ್ರಿ. ರಾತ್ರಿ ಎರಡೂವರೆಗೆ ಇಬ್ಬರಿಗೂ ಎಚ್ಚರ, ಹಸಿವು ಬೇರೆ. ಒಲೆ ಹಚ್ಚಿ, ಕಾಫಿ ಮಾಡಿ, ಚಿಟ್ಟೆಯ ಮೇಲೆ ಕುಳಿತು ಕವಳ ಹಾಕುತ್ತಿದ್ದೆವು. ಅಂಥ ಒಂದು ರಾತ್ರಿ ನಾನು ಲಾಂಚಿನ ಮಾತು ತೆಗೆದೆ.

ಸಾಗರದ ಬ್ಯಾಂಕಿನಲ್ಲಿ ನಾನು ಗುಮಾಸ್ತನಾಗಿದ್ದಾಗ ಶನಿವಾರ ಮಧ್ಯಾಹ್ನ ಲೆಡ್ಜರು ತಾಳೆಯಾದರೆ ಊರಿಗೆ ಓಟ. ನಾಲ್ಕಾಣೆ ವ್ಯತ್ಯಾಸ ಬಂದರೂ ಕೊನೆಯ ಲಾಂಚು ತಪ್ಪುತ್ತಿತ್ತು. ಕಡವಿನಲ್ಲಿ ಕಾಯುತ್ತ ನಿಂತರೆ ಊರಿನ ಸುದ್ದಿಯೆಲ್ಲ ಅಲ್ಲೇ ಸಿಗುವುದು. ಯಾರ ಮನೆ ಎಮ್ಮೆ ಕರು ಹಾಕಿತು, ಯಾರ ಮಗಳಿಗೆ ಗಂಡು ನೋಡಿದರು, ಎಲ್ಲ. ಆಚೆ ದಡ ಮುಟ್ಟುವಷ್ಟರಲ್ಲಿ ಬ್ಯಾಂಕಿನವನು ಹೋಗಿ ಊರಿನವನು ಉಳಿಯುತ್ತಿದ್ದ. ‘ಈಗ ನಾಲ್ಕು ನಿಮಿಷಕ್ಕೆ ಯಾರು ಏನಾಗ್ತಾರೆ ಮಾರಾಯ್ತಿ? ಸಿಯಾಟಲ್‌ನಿಂದ ಬಂದ ನಾನು ಇನ್ನೂ ಆಚೆ ದಡದಲ್ಲೇ ಇದ್ದೇನೆ’ ಎಂದೆ.

ಅವಳು ಲೋಟ ಕೆಳಗಿಟ್ಟಳು. ‘ನಿಮಗೆ ಲಾಂಚಂದ್ರೆ ಶನಿವಾರದ ಗಾಳಿ ಸೇವನೆ. ಮಾವಯ್ಯನ ಕಾಲು ತಿಕ್ಕುತ್ತಾ ಕೂತವಳು ನಾನು.’

ಅದು 1986ರ ಮಳೆಗಾಲ. ದೀಪ ಹಚ್ಚುವ ಹೊತ್ತಿಗೆ ಅಪ್ಪಯ್ಯನಿಗೆ ಎದೆನೋವು. ಕೊನೆಯ ಲಾಂಚು ಹೋಗಿ ಆಗಿತ್ತು. ನಾಲ್ವರು ಕುರ್ಚಿಗೆ ಬಿದಿರು ಕಟ್ಟಿ, ಹೊತ್ತು, ಕಳಸವಳ್ಳಿ ಕಡವಿಗೆ ತಂದರು. ಇಡೀ ರಾತ್ರಿ ಕಂಬಳಿಕೊಪ್ಪೆಯಡಿ ಕುಳಿತಿದ್ದರು. ಆಚೆ ದಡದ ದೀಪ ಕಾಣುತ್ತಿತ್ತಂತೆ. ನಾನು ಆ ರಾತ್ರಿ ಸಾಗರದ ಬಾಡಿಗೆ ಕೋಣೆಯಲ್ಲಿ ನಿದ್ದೆ ಮಾಡಿದ್ದೆ. ಬೆಳಿಗ್ಗೆ ಮೊದಲ ಲಾಂಚು ಹತ್ತಿ ಹೋದವರಿಂದ ನನಗೆ ಸುದ್ದಿ ಸಿಕ್ಕಿತು. ಅಷ್ಟರಲ್ಲಿ ಅಪ್ಪಯ್ಯ ಇರಲಿಲ್ಲ.

ಇದು ನಮ್ಮ ಮನೆಯೊಂದರ ಕತೆಯಲ್ಲ. ದ್ವೀಪದ ಹಲವು ಮನೆಗಳಲ್ಲಿ ಇಂಥದ್ದೊಂದು ರಾತ್ರಿ ಇದೆ. ನಾನು ಮರೆತಿರಲಿಲ್ಲ. ಆದರೆ ಗಾಳಿ ಸೇವನೆಯ ನೆನಪು ಮುಂದೆ ಬಂದು ಕೂರುತ್ತದೆ, ಅದು ಹಿಂದೆ ಸರಿಯುತ್ತದೆ. ಆ ರಾತ್ರಿ ಇನ್ನೇನೂ ಮಾತಾಡಲಿಲ್ಲ.

ಮರುದಿನ ಸಂಜೆ ಅವಳೇ ‘ಸೇತುವೆ ನೋಡಿ ಬರೋಣ್ರೀ’ ಎಂದಳು. ಬೈಕು, ಕಾರುಗಳಲ್ಲಿ ಬಂದವರೆಲ್ಲ ನಿಂತು ಫೋಟೋ ತೆಗೆಯುತ್ತಿದ್ದರು. ಹಿನ್ನೀರು ತುಂಬಿತ್ತು. ಸೇತುವೆಯನ್ನು ಹಿಡಿದಿರುವ ಕೇಬಲ್ಲುಗಳನ್ನು ಅವಳು ತಲೆಯೆತ್ತಿ ನೋಡಿದಳು. ಆಮೇಲೆ ಕೆಳಗೆ ಕಡವಿನ ಕಡೆಗೆ ನೋಡುತ್ತ ಬಹಳ ಹೊತ್ತು ನಿಂತಳು. ನಾನು ಕೈಗಡಿಯಾರ ನೋಡಲಿಲ್ಲ.

ಹಿಂದಿರುಗುವಾಗ ಗುರುತಿನವರೊಬ್ಬರು ಸಿಕ್ಕಿ, ‘ಎಲ್ಲಿ ಕಾಣ್ಲೇ ಇಲ್ಲ ನೀವು? ಲಾಂಚು ಇದ್ದಿದ್ರೆ ಬಂದ ದಿನವೇ ಗೊತ್ತಾಗ್ತಿತ್ತು’ ಎಂದರು. ಅವರ ಮನೆಯಲ್ಲಿ ಭೂಮಿ ಹುಣ್ಣಿಮೆಗೆ ಬಣ್ಣ ಬರೆದ ಭೂಮಣ್ಣಿ ಬುಟ್ಟಿ ಇನ್ನೂ ಜಗಲಿಯಲ್ಲೇ ಇತ್ತು. ಕೂರಿಸಿ ಒಂದು ಗಂಟೆ ಸುದ್ದಿ ಹೇಳಿದರು. ಕಡವಿನ ಬಾಕಿಯೆಲ್ಲ ಅವರ ಜಗಲಿಯಲ್ಲಿ ಚುಕ್ತಾ ಆಯಿತು. ಆ ರಾತ್ರಿ ಐದರವರೆಗೆ ನಿದ್ದೆ ಬಂತು.

ಭಾನುವಾರ ಬೆಳಿಗ್ಗೆ ಏಳೂವರೆಗೆ, ಅಲ್ಲಿಗೆ ಶನಿವಾರ ಸಂಜೆ, ಮೊಮ್ಮಗನ ಫೋನು. ಮನೆ ಹಿಂದಿನ ಗುಡ್ಡ ಹತ್ತಿದರೆ ಮಾತ್ರ ನಮಗೆ ಅವನ ಮುಖ ಕಾಣುತ್ತದೆ. ಸೇತುವೆ ಬಂದರೂ ಸಿಗ್ನಲ್ ಇನ್ನೂ ಲಾಂಚಿಗೇ ಕಾಯುತ್ತಿದೆ.

‘ಅಜ್ಜ, ಬ್ರಿಡ್ಜ್ ಬಂತಲ್ಲ, ನಿಮ್ಮೂರು ಈಗ ಐಲ್ಯಾಂಡ್ ಅಲ್ವಾ?’

ಅವನಿಗೆ ಬೇನ್‌ಬ್ರಿಜ್ ದ್ವೀಪ ನೆನಪಿಸಿದೆ. ಸಿಯಾಟಲ್‌ನಿಂದ ಅಲ್ಲಿಗೆ ದೊಡ್ಡ ಫೆರ್ರಿ ಹೋಗುತ್ತದೆ, ಇನ್ನೂರು ವಾಹನ ಹಿಡಿಸುವಂಥದು. ಮೂವತ್ತೈದು ನಿಮಿಷದ ಹಾದಿ. ಬೇಸಿಗೆಯಲ್ಲಿ ನಾವಿಬ್ಬರೂ ಮೂರು ಸಲ ಹೋಗಿ ಬಂದಿದ್ದೆವು, ದ್ವೀಪ ನೋಡಲು ಅಲ್ಲ, ನಾನು ಫೆರ್ರಿಯಲ್ಲಿ ನಿಲ್ಲಲು. ಆ ದ್ವೀಪದ ಇನ್ನೊಂದು ತುದಿಗೆ 1950ರಿಂದಲೇ ಸೇತುವೆ ಇದೆ. ‘ಅದನ್ನು ಈಗಲೂ ಐಲ್ಯಾಂಡ್ ಅಂತಾರೋ ಇಲ್ವೋ?’ ಎಂದೆ.

‘ಅಂತಾರೆ’ ಎಂದ. ಸ್ವಲ್ಪ ಯೋಚಿಸಿ, ‘ಹಾಗಾದ್ರೆ ಓಕೆ’ ಎಂದ.

ಮುಂದಿನ ಬೇಸಿಗೆಗೆ ಬರುತ್ತಾನಂತೆ. ನೀರು ಇಳಿದಾಗ ನಮ್ಮ ಹಳೆಯ ಮನೆಯಿದ್ದ ದಿಕ್ಕು ತೋರಿಸುತ್ತೇನೆ, ಒಣಗಿದ ಮರದ ಬೊಡ್ಡೆಗಳು ಕಾಣುತ್ತವೆ ಎಂದು ಹೇಳುತ್ತಿದ್ದೆ. ಅಷ್ಟರಲ್ಲಿ ಸಿಗ್ನಲ್ ಹೋಯಿತು.