ಕೆಂಪು ಸೀಮೆಸುಣ್ಣ

ಈ ಸಲ ನಾನು ಒಂದು ಕಂಪ್ಯೂಟರ್ ಆಟದ ಬಗ್ಗೆ ಬರೆಯುತ್ತಿದ್ದೇನೆ ಎಂದರೆ ನಿಮ್ಮಲ್ಲಿ ಕೆಲವರು ನಕ್ಕಾರು. ಡೆಸ್ಕಿನ ಕೆಳಗೆ ವಿಡಿಯೋ ಗೇಮ್ ಹಿಡಿದು ಕೂತವರಿಂದ ಅದನ್ನು ಕಿತ್ತುಕೊಂಡು, ವಾರ್ಷಿಕ ಪರೀಕ್ಷೆ ಮುಗಿಯುವ ತನಕ ಮೇಜಿನ ಡ್ರಾಯರಿನಲ್ಲಿ ಬೀಗ ಹಾಕಿ ಇಡುತ್ತಿದ್ದ ಮಿಸ್ ಇವರೇನಾ ಎಂದು ಕೇಳಿಯಾರು. ಹೌದು, ಇವರೇ. ದಯವಿಟ್ಟು ಕೊನೆಯ ತನಕ ಓದಿರಿ. ನಿಮ್ಮಲ್ಲಿ ಒಬ್ಬನಿಗೆ ನಾನು ಹೇಳಬೇಕಾದ ಮಾತೊಂದು ಇದರಲ್ಲಿದೆ.

ಬೇಗೂರಿನ ನಮ್ಮ ಮನೆಯಲ್ಲಿ ಮಗಳು, ಅಳಿಯ, ಮೊಮ್ಮಗ ನನ್ನೊಡನೆ ಇದ್ದಾರೆ. ಮಗಳು ಅಳಿಯ ಇಬ್ಬರೂ ಬೆಳಿಗ್ಗೆ ಎಲೆಕ್ಟ್ರಾನಿಕ್ ಸಿಟಿಗೆ ಹೊರಟರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಮೊಮ್ಮಗನಿಗೆ ಹದಿನೆಂಟು ವರ್ಷ, ಇಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದಾನೆ. ಸಂಜೆ ಅವನು ಲ್ಯಾಪ್‌ಟಾಪಿನ ಮುಂದೆ ಕೂತು ‘ಈವ್ ಆನ್‌ಲೈನ್’ ಎಂಬ ಆಟ ಆಡುತ್ತಾನೆ. ಐಸ್‌ಲ್ಯಾಂಡಿನ ರೇಕ್ಯಾವಿಕ್ ನಗರದ ಸಿ.ಸಿ.ಪಿ. ಎಂಬ ಸಂಸ್ಥೆ 2003ರ ಮೇ ತಿಂಗಳಲ್ಲಿ ಆರಂಭಿಸಿದ ಆಟವಂತೆ ಅದು. ಸಾವಿರಾರು ನಕ್ಷತ್ರ ಮಂಡಲಗಳ ಒಂದು ಕಲ್ಪಿತ ವಿಶ್ವ. ಹಲವು ದೇಶಗಳ ಆಟಗಾರರು ಅದೇ ಒಂದು ವಿಶ್ವದಲ್ಲಿ ನೌಕೆಗಳನ್ನು ನಡೆಸುತ್ತಾರೆ, ಗಣಿ ತೋಡುತ್ತಾರೆ, ವ್ಯಾಪಾರ ಮಾಡುತ್ತಾರೆ, ಬಣ ಕಟ್ಟಿಕೊಂಡು ಕಾದಾಡುತ್ತಾರೆ. ಅಲ್ಲಿ ನೌಕೆ ನಾಶವಾದರೆ ನಾಶವಾದಂತೆಯೇ. ಆಟವನ್ನು ಮತ್ತೆ ಮೊದಲಿನಿಂದ ಶುರು ಮಾಡಿ ಅದನ್ನು ಮರಳಿ ಪಡೆಯುವ ಉಪಾಯವಿಲ್ಲ.

ಒಂದು ಸಂಜೆ ಅವನು ಊಟಕ್ಕೆ ಏಳಲಿಲ್ಲ. ಹೋಗಿ ನೋಡಿದರೆ ಮುಖ ಬಾಡಿತ್ತು. ನಾಲ್ಕು ತಿಂಗಳು ಕೂಡಿಟ್ಟು ಕೊಂಡಿದ್ದ ನೌಕೆ ಹೋಗಿತ್ತು. ಅದಕ್ಕಿಂತ ಹೆಚ್ಚಾಗಿ ಜೊತೆಯ ಆಟಗಾರರು ಆಡಿದ್ದ ಮಾತು ಅವನನ್ನು ಚುಚ್ಚಿತ್ತು. ಶತ್ರು ಎದುರಿಗೇ ಬಂದರೂ ಎಚ್ಚರಿಕೆ ಕೊಡಲಿಲ್ಲ, ನಿದ್ದೆ ಮಾಡುತ್ತಿದ್ದೆಯಾ ಎಂದು ಅವರು ಕೇಳಿದ್ದರಂತೆ. ಇದು ಮೂರನೆಯ ಸಲ.

“ನಾನು ನೋಡ್ತಾನೇ ಇದ್ದೆ ಅಜ್ಜಿ. ನಮ್ಮವರೇ ಅಂದ್ಕೊಂಡೆ.”

ಏನನ್ನು ನೋಡುತ್ತಿದ್ದೆ, ನನಗೂ ತೋರಿಸು ಎಂದೆ. ಪರದೆಯ ಬಲಗಡೆ ಒಂದು ಪಟ್ಟಿ ಇತ್ತು. ಅದಕ್ಕೆ ‘ಓವರ್‌ವ್ಯೂ’ ಎನ್ನುತ್ತಾರೆ. ಸುತ್ತಲಿನ ಆಕಾಶದಲ್ಲಿ ಏನೇನಿದೆ, ಎಷ್ಟು ದೂರದಲ್ಲಿದೆ, ಅದರ ಹೆಸರೇನು, ಯಾವ ಬಗೆಯದು ಎಂಬುದೆಲ್ಲ ನಮ್ಮ ಹಾಜರಿ ಪುಸ್ತಕದಂತೆ ಸಾಲು ಸಾಲಾಗಿ ಅಲ್ಲಿ ಬರುತ್ತದೆ. ಆ ಆಟದಲ್ಲಿ ನಕ್ಷತ್ರ, ಮೋಡ, ಗ್ರಹಗಳ ಅಂದವನ್ನು ನೋಡುತ್ತಾ ಕೂರುವಂತಿಲ್ಲ, ಬದುಕಿ ಉಳಿಯಬೇಕಾದರೆ ಕಣ್ಣು ಈ ಪಟ್ಟಿಯ ಮೇಲಿರಬೇಕು. ಯಾರು ನಮ್ಮವರು, ಯಾರು ಪರರು ಎಂಬುದನ್ನು ಪ್ರತಿ ಹೆಸರಿನ ಜೊತೆಗಿರುವ ಬಣ್ಣ ಹೇಳುತ್ತದೆ.

ಅವನು ಆ ಕ್ಷಣದ ಚಿತ್ರವೊಂದನ್ನು ಉಳಿಸಿಕೊಂಡಿದ್ದ. ಒಂದು ಸಾಲಿನ ಮೇಲೆ ಬೆರಳಿಟ್ಟು, “ನೋಡಿ, ಇದೂ ಇದರ ಮೇಲಿನದೂ ಒಂದೇ ಥರ ಇಲ್ವಾ?” ಎಂದ.

ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ಮೇಲಿನದು ಕಡು ಹಸಿರು, ಕೆಳಗಿನದು ಕಡು ಕೆಂಪು. ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಆಮೇಲೆ ಒಳಗೆ ಹೋಗಿ ಹಣ್ಣು ಮೆಣಸಿನಕಾಯಿ ಒಂದು, ಹಸಿ ಮೆಣಸಿನಕಾಯಿ ಒಂದು ತಂದು ಮೇಜಿನ ಮಂದ ಬೆಳಕಿನಲ್ಲಿ ಅವನ ಮುಂದೆ ಇಟ್ಟೆ. ಯಾವುದು ಯಾವುದೆಂದು ಹೇಳಲು ಅವನು ಅವೆರಡನ್ನೂ ಎತ್ತಿ ಕಣ್ಣಿನ ಹತ್ತಿರ ಹಿಡಿದು ಹೊರಳಿಸಿ ನೋಡಬೇಕಾಯಿತು.

ಮರುವಾರ ಕಣ್ಣಿನ ವೈದ್ಯರಲ್ಲಿಗೆ ಹೋದೆವು. ಅವರು ಒಂದು ಪುಸ್ತಕ ತೆರೆದರು. ಜಪಾನಿನ ಶಿನೊಬು ಇಶಿಹಾರ ಎಂಬ ವೈದ್ಯರು ನೂರು ವರ್ಷಕ್ಕೂ ಹಿಂದೆ, 1917ರಲ್ಲಿ ಪ್ರಕಟಿಸಿದ ಬಣ್ಣದ ಚುಕ್ಕಿಗಳ ಪರೀಕ್ಷೆ ಅದು. ಚುಕ್ಕಿಗಳ ರಾಶಿಯೊಳಗೆ ಅಂಕಿಗಳು ಅಡಗಿರುತ್ತವೆ. ಒಂದು ಪುಟದಲ್ಲಿ ನನಗೆ ಸ್ಪಷ್ಟವಾಗಿ 74 ಕಂಡಿತು. ಮೊಮ್ಮಗ ಅಷ್ಟೇ ಸ್ಪಷ್ಟವಾಗಿ 21 ಎಂದ. ಕೆಂಪು ಹಸಿರುಗಳ ಭೇದ ಅವನ ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲ, ಇದಕ್ಕೆ ಔಷಧ ಬೇಕಿಲ್ಲ, ಹೆಚ್ಚಾಗುವುದೂ ಇಲ್ಲ ಎಂದರು ವೈದ್ಯರು. ವಾಹನ ಚಾಲನೆಯ ಪರವಾನಗಿಯ ಚಿಂತೆ ಮಗಳಿಗಿತ್ತು. ಅಲ್ಪ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇರುವವರಿಗೂ ಪರವಾನಗಿ ಕೊಡಬಹುದೆಂದು ಕೇಂದ್ರ ಸರ್ಕಾರ 2020ರಲ್ಲಿ ನಿಯಮ ತಿದ್ದಿದೆ ಎಂದು ತಿಳಿದಾಗ ಅವಳು ನಿಟ್ಟುಸಿರು ಬಿಟ್ಟಳು. ಹದಿನೆಂಟು ವರ್ಷ ನಮ್ಮ ಮಡಿಲಲ್ಲೇ ಬೆಳೆದ ಮಗು. ನಾವು ಯಾರೂ ಗಮನಿಸಿರಲಿಲ್ಲ. ಅವನಿಗೂ ತಿಳಿದಿರಲಿಲ್ಲ. ತನಗೆ ಕಾಣುವುದೇ ಎಲ್ಲರಿಗೂ ಕಾಣುತ್ತದೆ ಎಂದು ಯಾರು ತಾನೆ ಭಾವಿಸುವುದಿಲ್ಲ?

ಆ ಭಾನುವಾರ ಅಜ್ಜಿ ಮೊಮ್ಮಗ ಇಬ್ಬರೂ ಆಟದ ಸೆಟ್ಟಿಂಗ್ಸ್ ತೆರೆದು ಕೂತೆವು. ಆಟವನ್ನು ದೂರುವಂತಿರಲಿಲ್ಲ. ಬದಲಿಸಿಕೊಳ್ಳುವ ಅವಕಾಶ ಅದರಲ್ಲೇ ಇತ್ತು, ಇವನು ಅದನ್ನು ತೆರೆದು ನೋಡಿರಲಿಲ್ಲ, ಅಷ್ಟೆ. ಓವರ್‌ವ್ಯೂವಿನ ಸೆಟ್ಟಿಂಗ್ಸ್‌ನಲ್ಲಿ ಯಾರಿಗೆ ಯಾವ ಬಣ್ಣ ಎಂಬ ಪಟ್ಟಿಯೇ ಇದೆ. ನಮ್ಮ ಬಣದವರು, ನಮ್ಮ ಪಡೆಯಲ್ಲಿರುವವರು, ಯುದ್ಧ ಸಾರಿದವರು, ಅಪರಾಧಿಗಳು ಹೀಗೆ ಒಂದೊಂದು ಬಗೆಗೂ ಬೇಕಾದ ಬಣ್ಣ ಕೊಡಬಹುದು, ಮಿನುಗುವಂತೆ ಮಾಡಬಹುದು. ಒಬ್ಬನೇ ಎರಡು ಬಗೆಗೆ ಸೇರಿದ್ದರೆ ಯಾವ ಗುರುತು ಮೊದಲು ಕಾಣಬೇಕೆಂದು ಸಾಲುಗಳನ್ನು ಮೇಲೆ ಕೆಳಗೆ ಎಳೆದು ನಿರ್ಧರಿಸಬಹುದು. ಬಣ್ಣದ ಚಿಕ್ಕ ಚೌಕದೊಳಗೆ ನಕ್ಷತ್ರ, ಕೂಡುವ ಗುರುತು, ಕಳೆಯುವ ಗುರುತು ಮೊದಲಾದ ಚಿಹ್ನೆಗಳೂ ಇವೆ ಎಂಬುದನ್ನು ಕಂಡುಹಿಡಿದವಳು ನಾನು. ಅವನ ಪರದೆಯಲ್ಲಿ ಅವು ಸಾಸಿವೆಯಷ್ಟು ಚಿಕ್ಕದಾಗಿದ್ದವು.

ಮೊದಲು ಇಡೀ ಪರದೆಯ ಅಳತೆಯನ್ನು ನೂರರಿಂದ ನೂರಿಪ್ಪತ್ತೈದಕ್ಕೆ ಏರಿಸಿದೆವು. ಚಿಹ್ನೆಗಳು ಎದ್ದು ಕಂಡವು. ಕಿಟಕಿಗಳ ಹಿಂದೆ ನಕ್ಷತ್ರಗಳು ಇಣುಕಿ ಅಕ್ಷರಗಳನ್ನು ಮಸುಕು ಮಾಡುತ್ತಿದ್ದವು, ಆ ಪಾರದರ್ಶಕತೆಯನ್ನು ತಗ್ಗಿಸಿದೆವು. ನಮ್ಮವರಿಗೆ ತಿಳಿ ನೀಲಿ, ಶತ್ರುವಿಗೆ ಕಿತ್ತಳೆ, ಜೊತೆಗೆ ಮಿನುಗು. ಆಮೇಲೆ ಪಟ್ಟಿಯಿಂದ ಬೇಡದ್ದನ್ನು ತೆಗೆಯುವ ಕೆಲಸ. ಕಾದಾಟದ ಹೊತ್ತಿನಲ್ಲಿ ಕ್ಷುದ್ರಗ್ರಹಗಳ ಲೆಕ್ಕವೇಕೆ, ಒಡೆದ ನೌಕೆಗಳ ಅವಶೇಷವೇಕೆ? ಅವನ್ನೆಲ್ಲ ಇನ್ನೊಂದು ಪುಟಕ್ಕೆ ಸರಿಸಿದೆವು. ಪ್ರತಿ ಬದಲಾವಣೆಗೂ ನಾನು “ಈಗ?” ಎನ್ನುತ್ತಿದ್ದೆ, ಅವನು ಕಣ್ಣು ಕಿರಿದು ಮಾಡದೆ ಓದಲು ನೋಡುತ್ತಿದ್ದ. ನನ್ನ ಕಣ್ಣಿಗೆ ಚೆಂದ ಕಂಡ ಒಂದೆರಡು ಬಣ್ಣಗಳನ್ನು ಅವನು ತಿರಸ್ಕರಿಸಿದ. ಅವನಿಗೆ ಸ್ಪಷ್ಟವಾದದ್ದು ನನಗೆ ಕಣ್ಣು ಕುಕ್ಕಿತು. ಎರಡು ಗಂಟೆಯ ಮೇಲೆ ಅವನು ಹಿಂದಕ್ಕೆ ಒರಗಿ, “ಅಜ್ಜಿ, ಬೇರೆಯವರಿಗೆಲ್ಲ ಮೊದಲಿಂದ ಇಷ್ಟು ಸುಲಭವಾಗಿತ್ತಾ?” ಎಂದು ಕೇಳಿದ.

ಆ ಪ್ರಶ್ನೆ ನನ್ನನ್ನು ರಾತ್ರಿಯೆಲ್ಲ ಮಲಗಗೊಡಲಿಲ್ಲ.

ನಿಮಗೆ ನೆನಪಿರಬಹುದು, ನನ್ನ ಬಳಿ ಬಣ್ಣದ ಸೀಮೆಸುಣ್ಣದ ಡಬ್ಬಿಯೊಂದು ಇರುತ್ತಿತ್ತು. ಮುಖ್ಯವಾದ ಪದಗಳನ್ನು ಕೆಂಪಿನಲ್ಲೇ ಬರೆಯುತ್ತಿದ್ದೆ. ನಮ್ಮ ಶಾಲೆಯಲ್ಲಿ ಕರಿಹಲಗೆ ಹೋಗಿ ಹಸಿರು ಹಲಗೆ ಬಂದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಕೆಂಪಿನಲ್ಲಿ ಬರೆದದ್ದನ್ನು ಬಾಯಿಪಾಠ ಮಾಡಿ, ಪರೀಕ್ಷೆಗೆ ಬಂದೇ ಬರುತ್ತದೆ ಎನ್ನುತ್ತಿದ್ದೆ. ಹಸಿರು ಹಲಗೆಯ ಮೇಲಿನ ಕೆಂಪಕ್ಷರ ಕೆಲವು ಕಣ್ಣುಗಳಿಗೆ ಅಳಿಸಿಹೋದ ಅಕ್ಷರವೇ ಸರಿ. ಹಾಗಾದರೆ ಆ ಮಕ್ಕಳಿಗೆ ನಾನು ಮುಖ್ಯವಾದದ್ದನ್ನೇ ಆರಿಸಿ ಮರೆಮಾಡಿದ್ದೆ.

ಇನ್ನು ಆ ಹುಡುಗ. ಅವನ ಹೆಸರನ್ನು ಬರೆಯಲಾರೆ. 1994ನೆಯ ಇಸವಿ, ಹತ್ತನೆಯ ತರಗತಿ. ಆಮ್ಲ ಪ್ರತ್ಯಾಮ್ಲಗಳ ಪಾಠ, ಸಾರ್ವತ್ರಿಕ ಸೂಚಕದ ಕಾಗದ. ನಿಂಬೆರಸಕ್ಕೆ ಅದ್ದಿದರೆ ಕೆಂಪಿನ ಕಡೆಗೆ, ತಟಸ್ಥ ನೀರಿಗೆ ಹಸಿರು, ಸಾಬೂನಿನ ನೀರಿಗೆ ನೀಲಿಯ ಕಡೆಗೆ ತಿರುಗುತ್ತದೆ. ಅವನು ನೀರಿನ ಕಾಗದವನ್ನು ಕಿತ್ತಳೆ ಎಂದು ಬರೆದಿದ್ದ. ಸರಿಯಾಗಿ ನೋಡು ಎಂದೆ. ನೋಡಿ ಮತ್ತೆ ಅದನ್ನೇ ಹೇಳಿದ. ತರಗತಿ ನಕ್ಕಿತು. ನನ್ನನ್ನು ಅಣಕಿಸುತ್ತಿದ್ದಾನೆ ಎಂದುಕೊಂಡು ಅವನನ್ನು ಹೊರಗೆ ನಿಲ್ಲಿಸಿದೆ. ಮುಂದಿನ ಸಲ ಅವನು ಪಕ್ಕದವನ ಪುಸ್ತಕ ನೋಡಿ ಬರೆದ. ಅದನ್ನೂ ಹಿಡಿದೆ. ಕಣ್ಣಿದ್ದೂ ಕಾಪಿ ಹೊಡೆಯುವವನಿಗೆ ವಿಜ್ಞಾನವೇಕೆ ಎಂದು ಎಲ್ಲರೆದುರು ಹೇಳಿದೆ. ಲೆಕ್ಕದಲ್ಲಿ ಮುಂದಿದ್ದ ಹುಡುಗ ಪಿ.ಯು.ಸಿ.ಗೆ ಕಲಾ ವಿಭಾಗ ಸೇರಿದ ಎಂದು ಆಮೇಲೆ ಕೇಳಿದೆ. ಕಾರಣ ಬೇರೆ ಇದ್ದಿರಲೂಬಹುದು. ಹಾಗೆಂದು ಸಮಾಧಾನ ಮಾಡಿಕೊಳ್ಳಲು ನನ್ನಿಂದಾಗುತ್ತಿಲ್ಲ.

ತಿಳಿಯದೆ ಆದದ್ದು ಎಂದು ಹೇಳಿಕೊಳ್ಳುವಂತೆಯೂ ಇಲ್ಲ. ವರ್ಣಾಂಧತೆಯನ್ನು ವರ್ಷ ವರ್ಷವೂ ಪಾಠ ಮಾಡಿದವಳು ನಾನು. ಅದರ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ, ಗಂಡಿಗೆ ಒಂದೇ ಎಕ್ಸ್ ಇರುವುದರಿಂದ ದೋಷ ಅವನಲ್ಲಿ ಪ್ರಕಟವಾಗುತ್ತದೆ, ಹೆಣ್ಣು ಬಹುಮಟ್ಟಿಗೆ ವಾಹಕಿಯಾಗಿ ಉಳಿಯುತ್ತಾಳೆ ಎಂದು ಹಲಗೆಯ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದೆ, ಅದನ್ನೂ ಕೆಂಪು ಸೀಮೆಸುಣ್ಣದಲ್ಲಿ! ಡಾಲ್ಟನ್ನನ ಪರಮಾಣು ಸಿದ್ಧಾಂತ ಕಲಿಸಿದೆ. ಅದೇ ಜಾನ್ ಡಾಲ್ಟನ್ ತನಗೂ ತನ್ನ ಸಹೋದರನಿಗೂ ಬಣ್ಣಗಳು ಇತರರಂತೆ ಕಾಣುವುದಿಲ್ಲವೆಂದು 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ಸಭೆಯೆದುರು ಪ್ರಬಂಧ ಓದಿದ್ದ. ತನ್ನ ಕಣ್ಣೊಳಗಿನ ದ್ರವವೇ ನೀಲಿಯಾಗಿರಬೇಕೆಂದು ಊಹಿಸಿ, ಸತ್ತ ಮೇಲೆ ಪರೀಕ್ಷಿಸಲು ಹೇಳಿದ್ದ. 1844ರಲ್ಲಿ ಪರೀಕ್ಷಿಸಿದಾಗ ದ್ರವ ತಿಳಿಯಾಗಿಯೇ ಇತ್ತು. ಉಳಿಸಿಟ್ಟಿದ್ದ ಆ ಕಣ್ಣಿನಿಂದ ಡಿ.ಎನ್.ಎ. ತೆಗೆದು, ಹಸಿರನ್ನು ಗ್ರಹಿಸುವ ವರ್ಣದ್ರವ್ಯ ಅವನಲ್ಲಿ ಇರಲಿಲ್ಲವೆಂದು 1995ರಲ್ಲಿ ತಿಳಿಸಿದರು. ಬಣ್ಣ ಕಾಣದವನಿಗೆ ವಿಜ್ಞಾನವೇಕೆ ಎಂದು ಡಾಲ್ಟನ್ನನಿಗೆ ಯಾವ ಮೇಷ್ಟರೂ ಹೇಳಲಿಲ್ಲವಲ್ಲ, ಪುಣ್ಯ.

ಈ ಜೀನ್ ಮೊಮ್ಮಗನಿಗೆ ಎಲ್ಲಿಂದ ಬಂತು? ತಂದೆಯಿಂದ ಮಗನಿಗೆ ಎಕ್ಸ್ ಹೋಗುವುದಿಲ್ಲ, ಆದ್ದರಿಂದ ಮಗಳಿಂದ. ನನ್ನ ಯಜಮಾನರಿಗೆ ಬಣ್ಣ ಚೆನ್ನಾಗಿ ಕಾಣುತ್ತಿತ್ತು, ಆದ್ದರಿಂದ ಮಗಳಿಗೆ ನನ್ನಿಂದ. ನಾನು ಅಣ್ಣನಿಗೆ ಫೋನ್ ಮಾಡಿದೆ. ಕೋಲಾರದ ಕಡೆಯ ನಮ್ಮ ಹೊಲದಲ್ಲಿ ಟೊಮೆಟೊ ಕೊಯ್ಯಲು ಬಿಟ್ಟರೆ ಅವನ ಬುಟ್ಟಿಯಲ್ಲಿ ಅರ್ಧ ಕಾಯಿಯೇ ಇರುತ್ತಿತ್ತು. ಅಪ್ಪ ಸೋಮಾರಿ ಎಂದು ಬಯ್ಯುತ್ತಿದ್ದರು. “ನಾನು ಮುಟ್ಟಿ ನೋಡಿ ಕೀಳ್ತಿದ್ದೆ ಕಣಮ್ಮ, ಮೆತ್ತಗಿದ್ರೆ ಹಣ್ಣು ಅಂತ” ಎಂದು ಎಪ್ಪತ್ತು ದಾಟಿದ ಅಣ್ಣ ಈಗ ನಕ್ಕು ಹೇಳಿದ. ಹೀಗೆ ಅಮ್ಮನಿಂದ ನನಗೆ ಬಂದದ್ದನ್ನು ಮೈಯಲ್ಲಿ ಹೊತ್ತುಕೊಂಡೇ ನಾನು ಆ ಹುಡುಗನನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದೆ.

ಮೊನ್ನೆ ಇಬ್ಬರೂ ನಮ್ಮ ಊರಿನ ನಾಗೇಶ್ವರ ದೇವಸ್ಥಾನಕ್ಕೆ ಹೋಗಿದ್ದೆವು. ‘ಬೆಂಗಳೂರು’ ಎಂಬ ಹೆಸರನ್ನು ಹೇಳುವ, ಸುಮಾರು 890ರ ಶಾಸನ ಇರುವುದು ಇಲ್ಲೇ. ಗಂಗರ ಕಾಲದ ನಾಗತ್ತರನ ಯುದ್ಧವನ್ನು ಕೆತ್ತಿದ ಹೆಸರಾಂತ ವೀರಗಲ್ಲೂ ಬೇಗೂರಿನದೇ, ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಆನೆ, ಕುದುರೆ, ಆಯುಧ ಹಿಡಿದವರು ಕಿಕ್ಕಿರಿದ ಆ ಕಲ್ಲಿನಲ್ಲಿ ಬಣ್ಣವಿಲ್ಲ. ಆಕಾರದಿಂದ, ನಿಲ್ಲುವ ಜಾಗದಿಂದಲೇ ಶಿಲ್ಪಿ ಎಲ್ಲವನ್ನೂ ಹೇಳಿದ್ದಾನೆ. ಅದರ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಾಗ ಮೊಮ್ಮಗ ನನಗಿಂತ ಚುರುಕಾಗಿ ಓದಿದ.

ಅವನು ತನ್ನ ಓವರ್‌ವ್ಯೂವಿನ ಸೆಟ್ಟಿಂಗ್ಸನ್ನು ಒಂದು ಫೈಲು ಮಾಡಿ ಜೊತೆಯವರಿಗೆ ಕಳಿಸಿದ್ದಾನೆ. ಅವರಲ್ಲಿ ಒಬ್ಬ, ತನಗೂ ಹೀಗೇ, ಹೇಳಲು ನಾಚಿಕೆಯಾಗುತ್ತಿತ್ತು ಎಂದು ಉತ್ತರ ಬರೆದನಂತೆ.

ನಿಮ್ಮಲ್ಲಿ ಅನೇಕರು ಈಗ ಉಪಾಧ್ಯಾಯರಾಗಿದ್ದೀರಿ, ಇನ್ನು ಕೆಲವರು ಪರದೆಗಳನ್ನು ರೂಪಿಸುವ ಕಂಪನಿಗಳಲ್ಲಿದ್ದೀರಿ. ನಲವತ್ತು ಮಕ್ಕಳ ತರಗತಿಯಲ್ಲಿ ಒಂದೆರಡು ಗಂಡುಮಕ್ಕಳಾದರೂ ಹೀಗಿರುವ ಸಂಭವವುಂಟು. ಬಣ್ಣ ಬಳಸಿ, ಬೇಡವೆನ್ನುವುದಿಲ್ಲ. ಆದರೆ ಅದರ ಜೊತೆಗೆ ಒಂದು ಅಕ್ಷರ, ಒಂದು ಅಡಿಗೆರೆ, ಒಂದು ಚಿಹ್ನೆ ಇರಲಿ. ಮಗು ಬೇರೆ ಉತ್ತರ ಹೇಳಿದಾಗ ಗದರುವ ಮುಂಚೆ, ನಿನಗೆ ಹೇಗೆ ಕಾಣುತ್ತದೆ ಎಂದು ಕೇಳಿ.

ಮತ್ತು 1994ರ ಆ ಹುಡುಗನಿಗೆ. ನಿನಗೀಗ ನಲವತ್ತೇಳು ನಲವತ್ತೆಂಟು ವರ್ಷವಾಗಿರಬೇಕು. ಇದು ನಿನ್ನ ಕಣ್ಣಿಗೆ ಬೀಳುತ್ತದೋ ಇಲ್ಲವೋ. ನನ್ನ ಊಹೆ ಸರಿಯಾಗಿದ್ದರೆ ಆ ದಿನ ನೀನು ಕಂಡದ್ದನ್ನೇ ಹೇಳಿದ್ದೆ ಮಗು. ನೋಡಬೇಕಾದವಳು ನಾನು, ನಾನೇ ನೋಡಲಿಲ್ಲ. ಸಾಧ್ಯವಾದರೆ ಒಮ್ಮೆ ಬೇಗೂರಿಗೆ ಬಾ. ಮನೆ ಯಾವುದೆಂದು ನಿನ್ನ ಜೊತೆಯವರಿಗೆ ಗೊತ್ತಿದೆ. ಗೇಟಿಗೆ ಯಾವ ಬಣ್ಣ ಎಂದು ಹೇಳುವುದಿಲ್ಲ, ಎದುರಿಗೆ ಒಂದು ದೊಡ್ಡ ಹೊಂಗೆ ಮರವಿದೆ.